ವಾರ್ಡಿನಲ್ಲಿ ಕಲಿಸುವುದನ್ನು ಕಲಿಸಿದವರು: ಫ್ಲಾರೆನ್ಸ್ ನೈಟಿಂಗೇಲ್

ಪ್ರತಿ ವರ್ಷ ಮೇ 12ರಂದು ವಿಶ್ವ ದಾದಿಯರ ದಿನ. ಅದು ಫ್ಲಾರೆನ್ಸ್ ನೈಟಿಂಗೇಲ್ ಅವರು ಹುಟ್ಟಿದ ದಿನ. ಅವರದೊಂದು ಚಿತ್ರ ನಮಗೆಲ್ಲ ಪ್ರೈಮರಿ ಶಾಲೆಯಿಂದಲೇ ಗೊತ್ತು. ಕೈಯಲ್ಲಿ ದೀಪ, ತಲೆಯ ಮೇಲೆ ಬಿಳಿ ಟೋಪಿ, ಎರಡೂ ಕಡೆ ಗಾಯಗೊಂಡ ಸೈನಿಕರ ಸಾಲು. ಆದರೆ ಅವರು ದೀಪ ಹಿಡಿದು ಆ ಆಸ್ಪತ್ರೆಯಲ್ಲಿ ಓಡಾಡಿದ್ದು ಎರಡು ವರ್ಷಕ್ಕಿಂತಲೂ ಕಡಿಮೆ. ಆಮೇಲೆ ಅವರು ಇನ್ನೂ 54 ವರ್ಷ ಬದುಕಿದ್ದರು. ಆ ವರ್ಷಗಳಲ್ಲಿ ಅವರನ್ನು ಕಾಡಿದ ಒಂದು ಪ್ರಶ್ನೆ ಇದು: ನರ್ಸಿಂಗ್ ಕಲಿಯಲು ಬಂದ ಹುಡುಗಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಯಾರು ಕಲಿಸಬೇಕು, ಹೇಗೆ ಕಲಿಸಬೇಕು? ಆ ಕಥೆ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ಪದದ ವಿಷಯ. ಕನ್ನಡದಲ್ಲಿ ದಾದಿ ಎಂದರೆ ನರ್ಸ್. ಉರ್ದು ಮಾತಾಡುವ ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬಾ ಅವರ ತಾಯಿ. ನಮ್ಮ ದಾದಿ ಯಾವ ಕಾಲೇಜಿಗೂ ಹೋದವರಲ್ಲ, ಆದರೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ ರಾತ್ರಿಯೆಲ್ಲ ಕೂರುವವರು ಅವರೇ. ಆರೈಕೆ ಮಾಡುವುದು ಹೆಣ್ಣುಮಕ್ಕಳಿಗೆ ತಾನಾಗಿಯೇ ಬರುತ್ತದೆ, ಅದನ್ನು ಪ್ರತ್ಯೇಕವಾಗಿ ಕಲಿಯುವುದೇನಿದೆ ಎಂದು ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಇನ್ನೂರು ವರ್ಷಗಳ ಹಿಂದಿನ ಇಂಗ್ಲೆಂಡಿನಲ್ಲೂ ಜನ ಹಾಗೆಯೇ ಅಂದುಕೊಂಡಿದ್ದರು.

ಫ್ಲಾರೆನ್ಸ್ ಹುಟ್ಟಿದ್ದು 1820ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗಳಿಗೆ ಇಟ್ಟರು. ಅಕ್ಕ ನೇಪಲ್ಸ್‌ನಲ್ಲಿ ಹುಟ್ಟಿದ್ದರಿಂದ ಆ ಊರಿನ ಹಳೆಯ ಗ್ರೀಕ್ ಹೆಸರು ಪಾರ್ಥಿನೋಪಿ ಅವಳ ಪಾಲಿಗೆ ಬಂತು. ಶ್ರೀಮಂತ ಕುಟುಂಬ, ಇಂಗ್ಲೆಂಡಿನಲ್ಲಿ ಎರಡು ದೊಡ್ಡ ಮನೆಗಳು. ತಂದೆ ವಿಲಿಯಂ ಅವರೇ ಹೆಣ್ಣುಮಕ್ಕಳಿಬ್ಬರಿಗೂ ಗ್ರೀಕ್, ಲ್ಯಾಟಿನ್, ಫ್ರೆಂಚ್, ಇತಿಹಾಸ ಎಲ್ಲ ಕಲಿಸಿದರು. ಫ್ಲಾರೆನ್ಸ್‌ಗೆ ಲೆಕ್ಕದ ಮೇಲೆ ವಿಪರೀತ ಪ್ರೀತಿ. 16ನೇ ವಯಸ್ಸಿನಲ್ಲಿ ದೇವರು ತನ್ನನ್ನು ಸೇವೆಗೆ ಕರೆದಿದ್ದಾನೆ ಎಂದು ಅವರಿಗೆ ಬಲವಾಗಿ ಅನ್ನಿಸಿತು. ಯಾವ ಸೇವೆ ಎಂಬುದು ಸ್ಪಷ್ಟವಾಗಲು ಇನ್ನೂ ಕೆಲವು ವರ್ಷ ಬೇಕಾದವು.

1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದು ಕೆಲಸ ಕಲಿಯುತ್ತೇನೆ ಎಂದು ಮನೆಯಲ್ಲಿ ಕೇಳಿದರು. ಮನೆಯಲ್ಲಿ ದೊಡ್ಡ ರಂಪವೇ ಆಯಿತು. ಆಗಿನ ಆಸ್ಪತ್ರೆಗಳೆಂದರೆ ಬಡವರು ಸಾಯಲು ಹೋಗುವ ಜಾಗ, ಅಲ್ಲಿ ಕೆಲಸ ಮಾಡುವ ಹೆಂಗಸರೆಂದರೆ ಕುಡಿಯುವವರು, ನಡತೆ ಸರಿಯಿಲ್ಲದವರು ಎಂಬ ಮಾತಿತ್ತು. ತಾಯಿ, ಅಕ್ಕ ಇಬ್ಬರೂ ಅತ್ತರು. ತಂದೆ ಬೇಡ ಎಂದರು. ಓದುವಾಗ ನನಗೆ ಇದು ಬಹಳ ಹಳೆಯ ಕಾಲದ ಮಾತು ಅನ್ನಿಸಲಿಲ್ಲ. ನನ್ನ ಬಾಜಿ ನರ್ಸಿಂಗ್‌ಗೆ ಅರ್ಜಿ ಹಾಕಿದಾಗ ನಮ್ಮ ಖಾಲಾ ಕೇಳಿದ ಮೊದಲ ಪ್ರಶ್ನೆ ನೈಟ್ ಡ್ಯೂಟಿ ಬಗ್ಗೆ. ಎರಡನೆಯದು ಮದುವೆ ಬಗ್ಗೆ.

ಆರು ವರ್ಷ ಕಾದ ಮೇಲೆ, 1851ರಲ್ಲಿ, 31ನೇ ವಯಸ್ಸಿನಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್ ಎಂಬ ಊರಿನಲ್ಲಿ ಪಾದ್ರಿ ಫ್ಲೀಡ್ನರ್ ನಡೆಸುತ್ತಿದ್ದ ಸಂಸ್ಥೆಯಲ್ಲಿ ಮೂರು ತಿಂಗಳು ಇರಲು ಅವರಿಗೆ ಅವಕಾಶ ಸಿಕ್ಕಿತು. ಅಲ್ಲಿನ ಶಿಸ್ತು, ಶ್ರದ್ಧೆ ಅವರಿಗೆ ಬಹಳ ಹಿಡಿಸಿತು. ಆದರೆ ನರ್ಸಿಂಗ್ ಎಂಬ ವಿದ್ಯೆಯನ್ನು ಅಲ್ಲಿ ಕಲಿಸುತ್ತಲೇ ಇರಲಿಲ್ಲ, ಸ್ವಚ್ಛತೆಯೂ ಚೆನ್ನಾಗಿರಲಿಲ್ಲ ಎಂದು ಆಮೇಲೆ ಅವರೇ ನೆನಪಿಸಿಕೊಂಡಿದ್ದಾರೆ. ಮನಸ್ಸು ಒಳ್ಳೆಯದಿದ್ದರೆ ಸಾಲದು ಎಂಬುದು ಅವರಿಗೆ ಅಲ್ಲೇ ಗೊತ್ತಾಗಿರಬೇಕು. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನಲ್ಲಿ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದರು. ಸಂಬಳವಿಲ್ಲ. ತಂದೆ ವರ್ಷಕ್ಕೆ 500 ಪೌಂಡ್ ಕೊಡಲು ಒಪ್ಪಿದ್ದರು.

ಮುಂದಿನ ವರ್ಷ ಕ್ರಿಮಿಯಾ ಯುದ್ಧ. 1854ರ ನವೆಂಬರ್ 4ರಂದು 38 ಮಹಿಳೆಯರ ತಂಡದೊಂದಿಗೆ ಅವರು ಇಸ್ತಾಂಬುಲ್‌ನ ಎದುರು ದಡದಲ್ಲಿದ್ದ ಸ್ಕುಟಾರಿಗೆ ಬಂದಿಳಿದರು. ಈಗ ಆ ಊರನ್ನು ಉಸ್ಕುದಾರ್ ಎನ್ನುತ್ತಾರೆ. ಆಸ್ಪತ್ರೆಯಾಗಿದ್ದದ್ದು ತುರ್ಕಿ ಸೇನೆಯ ದೊಡ್ಡ ಬ್ಯಾರಕ್. ಅವರ ಕೈಯಲ್ಲಿದ್ದ ದೀಪ ಕೂಡ ಚಿತ್ರಗಳಲ್ಲಿ ಬರೆಯುವ ಹಾಗೆ ಅಲ್ಲಾದೀನನ ದೀಪದಂಥದ್ದಲ್ಲ. ಅದು ಮಡಚಿಡಬಹುದಾದ ತುರ್ಕಿ ಲಾಟೀನು, ನಮ್ಮ ಮನೆಗಳಲ್ಲಿ ಹೇಳುವ ಫಾನೂಸ್. ಯುದ್ಧದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ನಾನು ಎರಡೇ ವಿಷಯ ಹೇಳಿ ಮುಂದೆ ಹೋಗುತ್ತೇನೆ.

ಒಂದು, ಜೊತೆಗೆ ಬಂದ 38 ಜನರಲ್ಲಿ ಕೆಲವರು ಕ್ರೈಸ್ತ ಸನ್ಯಾಸಿನಿಯರು, ಕೆಲವರು ಆಸ್ಪತ್ರೆಗಳಲ್ಲಿ ಸಂಬಳಕ್ಕೆ ದುಡಿದವರು. ಎಲ್ಲರೂ ಒಂದೇ ರೀತಿ ತರಬೇತಿ ಪಡೆದವರು ಎನ್ನುವ ಹಾಗಿರಲಿಲ್ಲ, ಏಕೆಂದರೆ ಅಂಥ ತರಬೇತಿಯೇ ಇರಲಿಲ್ಲ. ಕೆಲವರನ್ನು ಅವರು ವಾಪಸ್ ಕಳಿಸಬೇಕಾಯಿತು. ಎರಡು, 1855ರ ಫೆಬ್ರವರಿಯಲ್ಲಿ ಅಲ್ಲಿ ಸಾವಿನ ಪ್ರಮಾಣ ನೂರಕ್ಕೆ 42ಕ್ಕೆ ಏರಿತ್ತು. ಮಾರ್ಚ್‌ನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದ ಕೆಳಗಿನ ಚರಂಡಿಗಳನ್ನು ತೆರವು ಮಾಡಿಸಿ, ಗಾಳಿ ಆಡುವಂತೆ ಮಾಡಿದ ಮೇಲೆ ಅದು ವೇಗವಾಗಿ ಇಳಿಯಿತು. ಯುದ್ಧ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಲೆಕ್ಕ ತೆಗೆದಾಗಲೇ ನೈಟಿಂಗೇಲ್‌ಗೆ ಇದು ಪೂರ್ತಿ ಅರ್ಥವಾದದ್ದು. ಗಾಯಕ್ಕಿಂತ ರೋಗ ಹೆಚ್ಚು ಜನರನ್ನು ಕೊಂದಿತ್ತು. ಅದನ್ನು ತೋರಿಸಲು ಅವರು ಬರೆಸಿದ ಬಣ್ಣದ ಚಕ್ರದಂಥ ನಕ್ಷೆ ಇಂದಿಗೂ ಪ್ರಸಿದ್ಧ. ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಸೇರಿದ ಮೊದಲ ಮಹಿಳೆ ಅವರೇ. ನಮ್ಮ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡ ಕಾಮರ್ಸ್‌ನವರು ಇದನ್ನು ಸೈನ್ಸ್‌ನವರಿಗೆ ಧಾರಾಳವಾಗಿ ಹೇಳಬಹುದು.

ಈಗ ನಿಜವಾದ ವಿಷಯಕ್ಕೆ ಬರೋಣ. ಅವರು ಇನ್ನೂ ಯುದ್ಧಭೂಮಿಯಲ್ಲಿದ್ದಾಗಲೇ, 1855ರ ನವೆಂಬರ್‌ನಲ್ಲಿ, ಲಂಡನ್ನಿನಲ್ಲಿ ಸಭೆ ಸೇರಿ ಅವರ ಹೆಸರಿನಲ್ಲಿ ಒಂದು ನಿಧಿ ಶುರು ಮಾಡಿದರು. ಸೈನಿಕರು ಒಂದು ದಿನದ ಸಂಬಳ ಕೊಟ್ಟರು. ಒಟ್ಟು ಸುಮಾರು 44,000 ಪೌಂಡ್ ಸೇರಿತು. ನರ್ಸ್‌ಗಳಿಗೆ ತರಬೇತಿ ಕೊಡುವುದು ಆ ಹಣದ ಉದ್ದೇಶ. ನೈಟಿಂಗೇಲ್ ವಾಪಸ್ ಬರುವಾಗ ಆರೋಗ್ಯ ಪೂರ್ತಿ ಕೆಟ್ಟಿತ್ತು. ಕ್ರಿಮಿಯಾದಲ್ಲಿ ಹಿಡಿದ ಜ್ವರ ಮತ್ತೆ ಮತ್ತೆ ಬರುತ್ತಿತ್ತು. ಹೆಚ್ಚಿನ ಕೆಲಸ ಮಂಚದ ಮೇಲೆಯೇ, ಕಾಗದದ ಮೂಲಕವೇ. ತಾವೇ ಶಾಲೆ ನಡೆಸುವ ಸ್ಥಿತಿಯಲ್ಲಿ ಇರಲಿಲ್ಲ. ಆದ್ದರಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯನ್ನು ಆರಿಸಿಕೊಂಡರು. ಅಲ್ಲಿನ ಮೇಟ್ರನ್ ವಾರ್ಡ್‌ರೋಪರ್ ಅವರ ಮೇಲೆ ಅವರಿಗೆ ನಂಬಿಕೆ ಇತ್ತು.

1860ರ ಬೇಸಿಗೆಯಲ್ಲಿ ಶಾಲೆ ಶುರುವಾಯಿತು. ಮೊದಲ ತಂಡದಲ್ಲಿ 15 ಜನ. ಅವರನ್ನು ಪ್ರೊಬೇಷನರ್ ಎಂದು ಕರೆಯುತ್ತಿದ್ದರು. ಒಂದು ವರ್ಷದ ತರಬೇತಿ. ಊಟ, ವಸತಿ, ಸಮವಸ್ತ್ರ ಎಲ್ಲ ನಿಧಿಯಿಂದ, ಮೇಲೆ ವರ್ಷಕ್ಕೆ 10 ಪೌಂಡ್ ಕೈಖರ್ಚು. ಪ್ರತಿಯೊಬ್ಬರಿಗೂ ಪ್ರತ್ಯೇಕ ಚಿಕ್ಕ ಕೋಣೆ. ಪಾಠ ನಡೆಯಬೇಕಾದ ಜಾಗ ವಾರ್ಡ್. ಕಲಿಸಬೇಕಾದವರು ಆ ವಾರ್ಡಿನ ಸಿಸ್ಟರ್. ಅದಕ್ಕಾಗಿ ಸಿಸ್ಟರ್‌ಗಳಿಗೆ ಆಸ್ಪತ್ರೆಯ ಸಂಬಳವಲ್ಲದೆ ನಿಧಿಯಿಂದ ಬೇರೆ ಹಣ ಕೊಡಲಾಗುತ್ತಿತ್ತು. ಆಸ್ಪತ್ರೆಯ ವೈದ್ಯ ವಿಟ್‌ಫೀಲ್ಡ್ ಅವರಿಗೂ ಉಪನ್ಯಾಸ ಮಾಡಲು ವರ್ಷಕ್ಕೆ 50 ಪೌಂಡ್. ಕಲಿಸುವುದನ್ನು ಪುಣ್ಯದ ಕೆಲಸ ಎಂದು ಬಿಡದೆ, ಅದಕ್ಕೆ ಖಾತೆಯಲ್ಲಿ ಒಂದು ಸಾಲು ತೆರೆದದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಇನ್ನೊಂದು, ಅವರ ತಿಂಗಳ ವರದಿ. ಪ್ರತಿ ಪ್ರೊಬೇಷನರ್ ಹೆಸರಿನಲ್ಲಿ ಒಂದು ಹಾಳೆ. ಒಂದು ಭಾಗದಲ್ಲಿ ಸಮಯಪಾಲನೆ, ಸದ್ದಿಲ್ಲದೆ ಕೆಲಸ ಮಾಡುವುದು, ನಂಬಿಕಸ್ಥಳೇ, ತಾನು ಶುಚಿಯಾಗಿರುತ್ತಾಳೆಯೇ ಎಂಬಂಥ ವಿಷಯಗಳು. ಇನ್ನೊಂದು ಭಾಗದಲ್ಲಿ ಕೆಲಸಗಳು: ಗಾಯಕ್ಕೆ ಡ್ರೆಸ್ಸಿಂಗ್, ಜಿಗಣೆ ಹಚ್ಚುವುದು, ಎನಿಮಾ ಕೊಡುವುದು, ಬ್ಯಾಂಡೇಜ್ ಕಟ್ಟುವುದು, ಏಳಲಾಗದ ರೋಗಿಯನ್ನು ಹಾಸಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು, ರೋಗಿಗೆ ತಕ್ಕ ಅಡುಗೆ, ವಾರ್ಡಿಗೆ ಗಾಳಿ ಬರುವಂತೆ ಮಾಡುವುದು. ಕೊನೆಗೆ, ಎಲ್ಲಕ್ಕಿಂತ ಕಷ್ಟದ್ದು, ರೋಗಿಯನ್ನು ಗಮನಿಸುವುದು. ಉಸಿರಾಟ, ನಾಡಿ, ನಿದ್ದೆ, ಹಸಿವು, ಚರ್ಮದ ಬಣ್ಣ ಏನು ಹೇಳುತ್ತಿವೆ ಎಂದು ಓದುವುದು. ಪ್ರತಿಯೊಂದಕ್ಕೂ ಅತ್ಯುತ್ತಮ, ಉತ್ತಮ, ಸಾಧಾರಣ, ಅಪೂರ್ಣ, ಸೊನ್ನೆ ಎಂದು ದರ್ಜೆ. ಹುಡುಗಿಯರು ಡೈರಿಯನ್ನೂ ಬರೆಯಬೇಕಿತ್ತು. ಆ ಡೈರಿಗಳನ್ನು ನೈಟಿಂಗೇಲ್ ಓದುತ್ತಿದ್ದರು. ನಾವು ಅಕೌಂಟೆನ್ಸಿಯಲ್ಲಿ ದಿನವಹಿ ಬರೆದು ಆಮೇಲೆ ಖಾತೆಗೆ ಏರಿಸುತ್ತೇವಲ್ಲ, ಹೆಚ್ಚು ಕಡಿಮೆ ಅದೇ ಕ್ರಮ.

ಕಾಗದದ ಮೇಲೆ ಇಷ್ಟು ಚೆನ್ನಾಗಿದ್ದ ಶಾಲೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಒಳಗೊಳಗೇ ಟೊಳ್ಳಾಗಿತ್ತು. ಇದನ್ನು ಸಾಮಾನ್ಯವಾಗಿ ಅವರ ಜೀವನಚರಿತ್ರೆಯ ಪಾಠಗಳಲ್ಲಿ ಬರೆಯುವುದಿಲ್ಲ. ಆ ಹತ್ತು ವರ್ಷ ನೈಟಿಂಗೇಲ್ ಸೇನೆಯ ಆರೋಗ್ಯ ಸುಧಾರಣೆ, ಭಾರತದ ನೈರ್ಮಲ್ಯದ ವರದಿಗಳಲ್ಲಿ ಮುಳುಗಿದ್ದರು. ಭಾರತಕ್ಕೆ ಒಮ್ಮೆಯೂ ಬರದಿದ್ದರೂ ಇಲ್ಲಿನ ಸೇನಾ ಠಾಣೆಗಳಿಗೆಲ್ಲ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡರು. ಬೆಂಗಳೂರಿನ ಹಲಸೂರು ಕೆರೆಗೆ ಬಜಾರಿನ ಕೊಳಚೆ ಸೇರುವ ಸುದ್ದಿಯೂ ಹಾಗೆ ಅವರ ಮಂಚದವರೆಗೆ ಹೋಗಿತ್ತು. ಶಾಲೆಯನ್ನು ಅವರು ಸಮಿತಿಗೂ ಮೇಟ್ರನ್‌ಗೂ ಬಿಟ್ಟಿದ್ದರು.

1872ರ ಹೊತ್ತಿಗೆ ಬಿಡುವು ಮಾಡಿಕೊಂಡು ಶಾಲೆಯ ಕಡೆ ತಿರುಗಿ ವಿಚಾರಿಸಿದರೆ, ವಿಟ್‌ಫೀಲ್ಡ್ ವರ್ಷಗಟ್ಟಲೆ ಸರಿಯಾಗಿ ಉಪನ್ಯಾಸವನ್ನೇ ಮಾಡಿರಲಿಲ್ಲ. ಸಿಸ್ಟರ್‌ಗಳು ಕಲಿಸುವ ಹಣ ಪಡೆದು, ಕಲಿಯಲು ಬಂದವರಿಂದ ವಾರ್ಡಿನ ಕೆಲಸ ತೆಗೆಯುತ್ತಿದ್ದರು. ಹುಡುಗಿಯರು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು, ಕಾಯಿಲೆ ಬೀಳುತ್ತಿದ್ದರು. ಪುಸ್ತಕದಲ್ಲಿ ದರ್ಜೆಗಳು ಇದ್ದವು, ವಾರ್ಡಿನಲ್ಲಿ ಪಾಠ ಇರಲಿಲ್ಲ.

ಏಕೆ ಹೀಗಾಯಿತು? ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಕಾಣುವುದು ಇಷ್ಟು. ಕಲಿಯುವ ಹುಡುಗಿ ಎರಡು ಲೆಕ್ಕಗಳಲ್ಲಿ ಇರುತ್ತಾಳೆ. ಶಾಲೆಯ ಲೆಕ್ಕದಲ್ಲಿ ಅವಳು ಖರ್ಚು. ಅವಳಿಗೆ ಒಂದು ಡ್ರೆಸ್ಸಿಂಗ್ ಕಲಿಸಲು ಸಿಸ್ಟರ್‌ನ ಅರ್ಧ ಗಂಟೆ ಹೋಗುತ್ತದೆ. ಆಸ್ಪತ್ರೆಯ ಲೆಕ್ಕದಲ್ಲಿ ಅವಳು ಉಳಿತಾಯ. ಸಂಬಳವಿಲ್ಲದ ಎರಡು ಕೈ. ವಾರ್ಡಿನಲ್ಲಿ ಜನ ಕಡಿಮೆಯಾದ ದಿನ ಯಾವ ಲೆಕ್ಕ ಗೆಲ್ಲುತ್ತದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಇದು 150 ವರ್ಷದ ಹಿಂದಿನ ಇಂಗ್ಲೆಂಡಿನ ಮಾತು ಮಾತ್ರ ಅಲ್ಲ. ನನ್ನ ಬಾಜಿ ಈಗ ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ. ಕ್ಲಿನಿಕಲ್ ಪೋಸ್ಟಿಂಗ್ ಇರುವ ದಿನ ಬೆಳಿಗ್ಗೆ ಆರೂವರೆಗೆ ಮನೆ ಬಿಡುತ್ತಾಳೆ. ಮೊದಲ ಪೋಸ್ಟಿಂಗ್ ಪೂರ್ತಿ ಅವಳು ಮಾಡಿದ್ದು ರಕ್ತದ ಸ್ಯಾಂಪಲ್ ಲ್ಯಾಬಿಗೆ ಕೊಟ್ಟು ಬರುವುದು, ರಿಪೋರ್ಟ್ ತರುವುದು, ಬೆಡ್‌ಶೀಟ್ ಬದಲಾಯಿಸುವುದು, ಸ್ಟ್ರೆಚರ್ ತಳ್ಳುವುದು. ಮಾಡಬೇಕಾದ ಪ್ರೊಸೀಜರ್‌ಗಳ ಪುಸ್ತಕಕ್ಕೆ ಕೊನೆಯ ದಿನ ಕಾರಿಡಾರ್‌ನಲ್ಲಿ ನಿಂತೇ ಎಲ್ಲ ಪುಟಕ್ಕೂ ಸಹಿ ಬಿತ್ತು. ಮನೆಗೆ ಬಂದು ಅಮ್ಮಿ ಹತ್ತಿರ ಅತ್ತಳು. ಕೆಲಸ ಕಷ್ಟ ಎಂದಲ್ಲ, ಮುಂದೆ ಒಂದು ದಿನ ರೋಗಿ ತನ್ನನ್ನೇ ನಂಬಿ ಮಲಗಿದಾಗ ತನಗೆ ಏನೂ ಬರುವುದಿಲ್ಲವಲ್ಲ ಎಂಬ ಭಯಕ್ಕೆ.

ಆಮೇಲೆ ಬೇರೆ ವಾರ್ಡಿಗೆ ಹಾಕಿದರು. ಅಲ್ಲಿನ ಇನ್‌ಚಾರ್ಜ್ ಸಿಸ್ಟರ್ ಮೊದಲ ದಿನವೇ ಅವಳನ್ನು ನಿದ್ದೆಯಲ್ಲಿದ್ದ ಒಬ್ಬ ರೋಗಿಯ ಪಕ್ಕ ನಿಲ್ಲಿಸಿ, ಅವರಿಗೆ ಗೊತ್ತಾಗದಂತೆ ಪೂರ್ತಿ ಒಂದು ನಿಮಿಷ ಉಸಿರು ಎಣಿಸಲು ಹೇಳಿದರು. ತಾವೂ ಪಕ್ಕದಲ್ಲೇ ನಿಂತು ಎಣಿಸಿದರು. ಇಬ್ಬರ ಲೆಕ್ಕ ಬೇರೆ ಬಂತು. ಬೈಯಲಿಲ್ಲ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದೆಯಾ ಎಂದು ಮಾತ್ರ ಕೇಳಿ, ಈ ರೋಗಿಯ ಉಸಿರು ಒಂದೇ ಸಮ ಇಲ್ಲದಿರುವುದನ್ನು ತೋರಿಸಿ, ಅಂಥವರಲ್ಲಿ ಏಕೆ ಹಾಗೆ ಗುಣಿಸಬಾರದು ಎಂದು ಹೇಳಿಕೊಟ್ಟರು. ಮತ್ತೆ ಎಣಿಸಿಸಿದರು. ಈ ಕಥೆಯನ್ನು ಬಾಜಿ ನಮಗೆ ಊಟದ ಹೊತ್ತಿನಲ್ಲಿ ಕಡಿಮೆಯೆಂದರೂ ಹತ್ತು ಸಲ ಹೇಳಿದ್ದಾಳೆ.

ನೈಟಿಂಗೇಲ್ 1872ರಿಂದ ಸೇಂಟ್ ಥಾಮಸ್‌ನಲ್ಲಿ ತರಲು ಹೊರಟದ್ದು ಇಂಥ ಸಿಸ್ಟರ್‌ಗಳನ್ನೇ. ವಿಟ್‌ಫೀಲ್ಡ್ ಜಾಗಕ್ಕೆ ಶಸ್ತ್ರವೈದ್ಯ ಜಾನ್ ಕ್ರಾಫ್ಟ್ ಬಂದರು. ಅವರು ಕ್ರಮವಾಗಿ ಉಪನ್ಯಾಸ ನಡೆಸಿ, ಓದಬೇಕಾದ ಪುಸ್ತಕಗಳನ್ನೂ ಗೊತ್ತುಮಾಡಿದರು. ಹುಡುಗಿಯರು ಬರೆದುಕೊಂಡ ನೋಟ್ಸ್ ಅನ್ನು ತಿದ್ದುವ ಪದ್ಧತಿ ಬಂತು. ಓದಲು ನಿಗದಿತ ಸಮಯ ಸಿಕ್ಕಿತು. ಆ ಸಮಯದಲ್ಲಿ ವಾರ್ಡಿನ ಕೆಲಸಕ್ಕೆ ಕರೆಯುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಹೋಮ್ ಸಿಸ್ಟರ್ ಎಂಬ ಹೊಸ ಹುದ್ದೆ. ಆಕೆಗೆ ಯಾವ ವಾರ್ಡಿನ ಹೊಣೆಯೂ ಇಲ್ಲ. ಕಲಿಯುವವರ ಜೊತೆ ಇದ್ದು, ಉಪನ್ಯಾಸದಲ್ಲಿ ಕೇಳಿದ್ದನ್ನೂ ವಾರ್ಡಿನಲ್ಲಿ ನೋಡಿದ್ದನ್ನೂ ಜೋಡಿಸಿ ಹೇಳಿಕೊಡುವುದೇ ಕೆಲಸ. 1875ರಲ್ಲಿ ಈ ಹುದ್ದೆಗೆ ಬಂದ ಮೇರಿ ಕ್ರಾಸ್‌ಲ್ಯಾಂಡ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಆಸ್ಪತ್ರೆಯ ಅವಸರಕ್ಕೆ ಸಿಗದ, ಕಲಿಸುವುದಕ್ಕೆಂದೇ ಇರುವ ಒಬ್ಬರು ಬೇಕು ಎಂಬುದು ಅಲ್ಲಿ ಹತ್ತು ವರ್ಷ ಕೈ ಸುಟ್ಟುಕೊಂಡ ಮೇಲೆ ಹುಟ್ಟಿದ ವ್ಯವಸ್ಥೆ.

ಇನ್ನು ಮೇಲೆ ಹಾಳೆಗಳನ್ನು ಮಾತ್ರ ನಂಬಿ ಕೂರಲಿಲ್ಲ. ಪ್ರೊಬೇಷನರ್‌ಗಳನ್ನು ಒಬ್ಬೊಬ್ಬರಾಗಿ ಮನೆಗೆ ಕರೆಸಿಕೊಂಡು ಚಹಾ ಕೊಟ್ಟು ಮಾತಾಡಿಸುತ್ತಿದ್ದರು. ಯಾವ ವಾರ್ಡಿನಲ್ಲಿ ಏನು ಕಲಿತೆ, ಯಾವ ಸಿಸ್ಟರ್ ಚೆನ್ನಾಗಿ ಹೇಳಿಕೊಡುತ್ತಾರೆ, ಯಾರು ಹೇಳಿಕೊಡುವುದಿಲ್ಲ ಎಂದು ತಿಳಿದುಕೊಂಡು ಗುರುತು ಹಾಕಿಕೊಳ್ಳುತ್ತಿದ್ದರು. ಮೇಟ್ರನ್ ಬರೆದ ವರದಿ ಒಂದು ಕಡೆ, ಹುಡುಗಿಯ ಮಾತು ಒಂದು ಕಡೆ. ಇದು ಆಡಿಟ್ ಅಲ್ಲದೆ ಮತ್ತೇನು? 1872ರಲ್ಲೇ ಎಲ್ಲ ಪ್ರೊಬೇಷನರ್‌ಗಳಿಗೆ ಒಂದು ದೀರ್ಘ ಪತ್ರ ಬರೆದರು. 1900ರ ತನಕ ಅನೇಕ ವರ್ಷ ಅಂಥ ಪತ್ರಗಳು ಬಂದವು. ಕಲಿಯುವುದು ನಿಂತ ದಿನ ನರ್ಸ್ ಹಿಂದಕ್ಕೆ ಹೋಗಲು ಶುರುವಾಗುತ್ತಾಳೆ ಎಂಬುದು ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ವಿಚಿತ್ರವೆಂದರೆ, ಇಷ್ಟೆಲ್ಲ ಮಾಡಿದವರು ಹೊಸ ಕಟ್ಟಡದಲ್ಲಿದ್ದ ತಮ್ಮ ಶಾಲೆಗೆ ಮೊದಲ ಸಲ ಕಾಲಿಟ್ಟದ್ದು 1882ರಲ್ಲಿ.

ಅದೇ ವರ್ಷ ಒಂದು ವೈದ್ಯಕೀಯ ನಿಘಂಟಿಗೆ ನರ್ಸ್‌ಗಳ ತರಬೇತಿಯ ಬಗ್ಗೆ ಲೇಖನ ಬರೆದುಕೊಟ್ಟರು. ಏನು ಮಾಡಬೇಕು ಎಂಬುದರ ಜೊತೆಗೆ ಏಕೆ ಮಾಡಬೇಕು ಎಂಬುದನ್ನೂ ನರ್ಸ್‌ಗೆ ಕಲಿಸಬೇಕು, ವಾರ್ಡ್ ಸಿಸ್ಟರ್ ತಾನೇ ತರಬೇತಿ ಪಡೆದು ಬಂದವಳಾಗಿರಬೇಕು ಎಂಬುದು ಅದರ ಸಾರ.

ಅವರ ಶಾಲೆಯಿಂದ ಹೋದವರು ಬೇರೆ ಕಡೆ ವಾರ್ಡುಗಳನ್ನು ತೆರೆದರು. ಆಗ್ನೆಸ್ ಜೋನ್ಸ್ 1865ರಲ್ಲಿ ಲಿವರ್‌ಪೂಲ್‌ನ ಬಡವರ ಆಸ್ಪತ್ರೆಗೆ 12 ನರ್ಸ್‌ಗಳೊಂದಿಗೆ ಹೋಗಿ, ಮೂರೇ ವರ್ಷದಲ್ಲಿ ಟೈಫಸ್ ಜ್ವರದಿಂದ ತೀರಿಕೊಂಡರು. ಲೂಸಿ ಆಸ್ಬರ್ನ್ 1868ರಲ್ಲಿ ಐದು ಜನರೊಂದಿಗೆ ಸಿಡ್ನಿಗೆ ಹೋದರು. 1877ರಲ್ಲಿ ಅಮೆರಿಕದ ಲಿಂಡಾ ರಿಚರ್ಡ್ಸ್ ಇಲ್ಲಿನ ಪದ್ಧತಿ ನೋಡಲು ಲಂಡನ್‌ಗೆ ಬಂದರು. ಇವರೆಲ್ಲರಿಗಿಂತ ನನಗೆ ಕುತೂಹಲ ಹುಟ್ಟಿಸಿದವರು ರೆಬೆಕಾ ಸ್ಟ್ರಾಂಗ್. ಆಕೆ ಸೇಂಟ್ ಥಾಮಸ್ ಸೇರಿದ್ದು 1867ರಲ್ಲಿ, ಅಂದರೆ ಅಲ್ಲಿ ಪಾಠ ಕಡಿಮೆಯಾಗಿ ದುಡಿತವೇ ಹೆಚ್ಚಾಗಿದ್ದ ಕಾಲದಲ್ಲಿ. ಮುಂದೆ ಗ್ಲಾಸ್ಗೋದಲ್ಲಿ ಮೇಟ್ರನ್ ಆದಾಗ, 1893ರಲ್ಲಿ, ಹುಡುಗಿಯರು ವಾರ್ಡಿಗೆ ಕಾಲಿಡುವ ಮೊದಲೇ ತರಗತಿಯಲ್ಲಿ ಪಾಠ ಮುಗಿಸಬೇಕು ಎಂಬ ಪದ್ಧತಿ ತಂದರು. ಮೊದಲು ಲ್ಯಾಬ್‌ನಲ್ಲಿ ಗೊಂಬೆಯ ಮೇಲೆ, ಆಮೇಲೆ ರೋಗಿಯ ಬಳಿ ಎಂದು ಇಂದು ಬಾಜಿಯ ಕಾಲೇಜಿನಲ್ಲಿ ಮಾಡುವುದಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಇದೆ.

ನೈಟಿಂಗೇಲ್ ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. 1887ರ ನಂತರ ಇಂಗ್ಲೆಂಡಿನ ನರ್ಸ್‌ಗಳು ತಮಗೊಂದು ಸರ್ಕಾರಿ ನೋಂದಣಿ, ಪರೀಕ್ಷೆ ಬೇಕು ಎಂದು ಕೇಳಿದಾಗ ಅವರು ವಿರೋಧಿಸಿದರು. ಪರೀಕ್ಷೆ ಪಾಸಾದ ಮಾತ್ರಕ್ಕೆ ಒಳ್ಳೆಯ ನರ್ಸ್ ಎಂದು ಹೇಳಲಾಗದು ಎಂಬುದು ಅವರ ವಾದ. ವಾದದಲ್ಲಿ ಸತ್ಯವಿದೆ. ಆದರೆ ನೋಂದಣಿ ಇಲ್ಲದಿದ್ದರೆ ತರಬೇತಿ ಪಡೆದವಳಿಗೂ ಪಡೆಯದವಳಿಗೂ ರೋಗಿಯ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಸಂಬಳದಲ್ಲೂ ಕಾಣುವುದಿಲ್ಲ. ಈ ವಿಷಯದಲ್ಲಿ ನಾನು ಆ ನರ್ಸ್‌ಗಳ ಕಡೆ. ಕೊನೆಗೆ ಇಂಗ್ಲೆಂಡಿನಲ್ಲಿ ನೋಂದಣಿ ಕಾನೂನು ಬಂದದ್ದು 1919ರಲ್ಲಿ.

ಅದನ್ನು ನೋಡಲು ಅವರು ಇರಲಿಲ್ಲ. ಕೊನೆಯ ವರ್ಷಗಳಲ್ಲಿ ಕಣ್ಣು ಕಾಣುತ್ತಿರಲಿಲ್ಲ. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ, ಲಂಡನ್ನಿನ ಮನೆಯಲ್ಲಿ ತೀರಿಕೊಂಡರು. ದೊಡ್ಡವರನ್ನು ಮಣ್ಣು ಮಾಡುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಜಾಗ ಕೊಡುತ್ತೇವೆ ಎಂದರೂ ಮನೆಯವರು ಒಪ್ಪದೆ, ಈಸ್ಟ್ ವೆಲೋ ಎಂಬ ಹಳ್ಳಿಯಲ್ಲಿ ಕುಟುಂಬದವರ ಪಕ್ಕದಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವರ ಪೂರ್ತಿ ಹೆಸರಿಲ್ಲ, ಎರಡು ಅಕ್ಷರ ಮತ್ತು ಇಸವಿಗಳಷ್ಟೇ. ಅವರ ಶಾಲೆ ಈಗ ಲಂಡನ್ನಿನ ಕಿಂಗ್ಸ್ ಕಾಲೇಜಿನ ಭಾಗವಾಗಿದೆ. ಪ್ರೊಬೇಷನರ್‌ಗಳ ದರ್ಜೆ ಬರೆದ ಆ ಹಳೆಯ ರಿಜಿಸ್ಟರ್‌ಗಳು ನಗರದ ದಾಖಲೆ ಕಚೇರಿಯಲ್ಲಿವೆ.